ಪಿಕಪ್ ಹಿಂದೆ ಬ್ಲಾಕ್ ಹಾಕಿ ಎತ್ತರಿಸಬಹುದಾ?

ಪ್ರಶ್ನೆ: ಅಣ್ಣ, ನಮ್ಮದು ಸಕಲೇಶಪುರ ಕಡೆ ತೋಟದ ರಸ್ತೆ. ಗಾಡಿ ಇಸುಜು ವಿ-ಕ್ರಾಸ್. ಮಳೆಗಾಲದಲ್ಲಿ ಚಕ್ರದ ಜಾಡು ಆಳವಾಗಿ, ನಡುವಿನ ದಿಬ್ಬ ಗಾಡಿ ಅಡಿಗೆ ಉಜ್ಜುತ್ತದೆ. ಲೇತ್‌ನವರು 2 ಇಂಚಿನ ಬ್ಲಾಕ್ ಮಾಡಿಕೊಡ್ತೀನಿ ಅಂದಿದ್ದಾರೆ. ಹಾಕಿಸಲಾ?

ಮೆಕ್ಯಾನಿಕ್: ಮೊದಲು ಅಡಿಗೆ ಟಾರ್ಚ್ ಬಿಟ್ಟು, ಎಲ್ಲಿ ಉಜ್ಜಿದೆ ನೋಡಿ. ಗುರುತು ಹಿಂದಿನ ಹೌಸಿಂಗ್‌ನ (ಎರಡು ಹಿಂಚಕ್ರಗಳ ನಡುವಿನ ಆಕ್ಸಲ್ ಕವಚ) ಗುಂಡು ಭಾಗದ ಮೇಲಿದ್ದರೆ ಬ್ಲಾಕ್ ಸುಮ್ನೆ ದಂಡ. ಬ್ಲಾಕ್ ಕೂರುವುದು ಹೌಸಿಂಗ್‌ಗೂ ಅದರ ಮೇಲಿನ ಲೀಫ್ ಸ್ಪ್ರಿಂಗ್‌ಗೂ (ಪ್ಲೇಟುಗಳನ್ನು ಜೋಡಿಸಿದ ಸ್ಪ್ರಿಂಗ್) ನಡುವೆ. ಚಾಸಿಸ್ ಮೇಲೇಳುತ್ತದೆ, ಹೌಸಿಂಗ್ ಇದ್ದಲ್ಲೇ ಇರುತ್ತದೆ. ಅದು ಏಳಬೇಕಾದರೆ ಟಯರೇ ದೊಡ್ಡದಾಗಬೇಕು. ಪ್ಲೇಟ್ ಸೋತು ಹಿಂಭಾಗ ಕುಸಿದಿದ್ದರೆ ಪ್ಲೇಟ್ ಬದಲಿಸಿ. ಬ್ಲಾಕ್‌ನಿಂದ ಲೋಡ್ ಹೊರುವ ಶಕ್ತಿ ಒಂದಿಷ್ಟೂ ಹೆಚ್ಚಲ್ಲ.

ಪ್ರಶ್ನೆ: ನೋಡಿದೆ ಅಣ್ಣ. ಉಜ್ಜಿರುವುದು ಹಿಂದಿನ ಬಂಪರ್ ಕೆಳಗೆ, ಟ್ರೇಲರ್ ಕಟ್ಟುವ ಹಿಚ್ ಹತ್ತಿರ.

ಮೆಕ್ಯಾನಿಕ್: ಹಾಗಾದರೆ ಹಾಕಬಹುದು. ಆದರೆ ಲೇತ್‌ನದ್ದು ಬೇಡ, ಗಾಡಿಗೆಂದೇ ಮಾಡಿದ ಗಟ್ಟಿ ಬ್ಲಾಕ್ ತರಿಸಿ. ಮರದ ತುಂಡು, ವೆಲ್ಡಿಂಗ್ ಮಾಡಿದ ಪೈಪ್, ಒಂದರ ಮೇಲೊಂದು ಎರಡು ಬ್ಲಾಕ್, ಇವು ಯಾವುವೂ ಬೇಡ. ಮುಂದಿನ ಆಕ್ಸಲ್‌ಗಂತೂ ಯಾವ ಗಾಡಿಗೂ ಬ್ಲಾಕ್ ಹಾಕಬಾರದು. ಬ್ರೇಕ್ ಹಿಡಿದಾಗ ಬೀಳುವ ಒತ್ತಡಕ್ಕೆ ಅದು ಜಾರಿದರೆ ಸ್ಟೇರಿಂಗೇ ಕೈ ಬಿಟ್ಟ ಹಾಗೆ.

ಸ್ಪ್ರಿಂಗನ್ನು ಹೌಸಿಂಗ್‌ಗೆ ಬಿಗಿಯುವ ಯೂ ಬೋಲ್ಟ್ ಹೊಸದು, ಉದ್ದದ್ದು ತನ್ನಿ. ಹಳೆಯದು ಎಳೆದು ಸೋತಿರುತ್ತದೆ. ಚಾಸಿಸ್‌ಗೆ ಸ್ಟ್ಯಾಂಡ್ ಕೊಟ್ಟು, ಹೌಸಿಂಗ್ ಅಡಿಗೆ ಬೇರೆ ಜಾಕಿ ಇಟ್ಟು, ಒಂದು ಪಕ್ಕ ಮುಗಿಸಿ ಇನ್ನೊಂದು ಪಕ್ಕ ಬಿಚ್ಚಿಸಿ. ಬಿಗಿ ಮಾಡುವ ಮುಂಚೆ ಬೆರಳು ಹಾಕಿ ನೋಡಿ: ಪ್ಲೇಟಿನ ಸೆಂಟರ್ ಬೋಲ್ಟ್ ತಲೆ ಬ್ಲಾಕ್‌ನ ತೂತಿನಲ್ಲಿ, ಬ್ಲಾಕ್‌ನ ಗೂಟ ಹೌಸಿಂಗ್ ತೂತಿನಲ್ಲಿ ಪೂರ್ತಿ ಕೂತಿರಬೇಕು. ಕೂದಲೆಳೆ ಸಂದೂ ಕಾಣಬಾರದು. ನಾಲ್ಕು ನಟ್ಟನ್ನೂ ಅಡ್ಡಡ್ಡ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಕೊನೆಯ ಬಿಗಿ ಗಾಡಿ ಚಕ್ರದ ಮೇಲೆ ನಿಂತಾಗ, ಟಾರ್ಕ್ ರೆಂಚ್‌ನಲ್ಲಿ. ಸ್ವಲ್ಪ ಓಡಿಸಿದ ಮೇಲೆ ಮತ್ತೆ ಬಿಗಿ ಮಾಡಿಸಲೇಬೇಕು. ಜನ ಬಿಡುವುದು ಇದನ್ನೇ.

ಹೌಸಿಂಗ್ ನೇತಾಡುವಾಗ ಬ್ರೇಕ್ ಹೋಸ್ ಎಳೆದುಕೊಳ್ಳುತ್ತಿದೆಯಾ, ಶಾಕ್ ಅಬ್ಸಾರ್ಬರ್ ಕೊನೆಗೆ ಬಂದು ನಿಲ್ಲುತ್ತಿದೆಯಾ ನೋಡಿ. ಲೋಡ್ ನೋಡಿ ಬ್ರೇಕ್ ಹಂಚುವ ವಾಲ್ವ್ ಇರುವ ಪಿಕಪ್ ಆದರೆ ಅದರ ಸೆಟ್ಟಿಂಗೂ ಸರಿಮಾಡಿಸಬೇಕು. ಎತ್ತರ ಜಾಸ್ತಿ ಆದಷ್ಟೂ ಜಾಯಿಂಟ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂಚಕ್ರದ ಕಡೆ ಶಕ್ತಿ ಒಯ್ಯುವ ದಂಡ) ಓರೆಯಾಗಿ ಗಾಡಿ ಅದುರುತ್ತದೆ.

ಇನ್ನೊಬ್ಬರು: ಆರ್‌ಟಿಒ ಕೇಳಲ್ವಾ ಸರ್?

ಮೆಕ್ಯಾನಿಕ್: ಕೇಳಬಹುದು. ಅನುಮತಿ ಇಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹಾಕುವ ಮುಂಚೆಯೇ ಕಚೇರಿಯಲ್ಲಿ ವಿಚಾರಿಸಿ. ಹಾಕಿದ ಮೇಲೆ ಹೆಡ್‌ಲೈಟ್ ಮಟ್ಟವನ್ನೂ ಒಮ್ಮೆ ನೋಡಿಸಿ, ಹಿಂದೆ ಏರಿದರೆ ಬೆಳಕು ಹತ್ತಿರಕ್ಕೇ ಬೀಳುತ್ತದೆ.