ಅಪ್‌ಡೇಟ್: ಮಗಳ ಎದೆಯಲ್ಲಿ ಒಂದೇ ಕಡೆ ಗಂಟು

ಹೋದ ವಾರ ಕೇಳಿದ್ದೆನಲ್ಲ, 10 ವರ್ಷದ ಮಗಳಿಗೆ ಎಡಗಡೆ ತೊಟ್ಟಿನ ಕೆಳಗೆ ಹುಣಸೆ ಬೀಜದಷ್ಟು ಗಟ್ಟಿ ಗಂಟು, ಮುಟ್ಟಿದರೆ ನೋವು, ಬಲಗಡೆ ಏನೂ ಇಲ್ಲ ಅಂತ. ನಮ್ಮತ್ತೆಗೆ ಸ್ತನ ಕ್ಯಾನ್ಸರ್ ಆಗಿತ್ತು, ಅದಕ್ಕೇ ನನಗೆ ಜಾಸ್ತಿ ಗಾಬರಿ.

"ಸುಮ್ನೆ ಸ್ಕ್ಯಾನ್‌ಗೆ ಓಡಬೇಡಿ, ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ" ಅಂದವರಿಗೆ ಥ್ಯಾಂಕ್ಸ್. ಡಾಕ್ಟರಮ್ಮ ನೋಡಿ ನಕ್ಕರು. ಅದು ಎದೆ ಬೆಳೆಯಲು ಶುರುವಾಗುವ ಮೊಗ್ಗಂತೆ! ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಕಾಣಿಸುತ್ತದೆ. ಒಂದು ಕಡೆ ಮೊದಲು ಬಂದು, ಇನ್ನೊಂದು ಕಡೆ ಕೆಲವು ತಿಂಗಳು ತಡವಾಗುವುದು ಮಾಮೂಲಿ. ಈ ವಯಸ್ಸಿಗೆ ಕ್ಯಾನ್ಸರ್ ತೀರಾ ಅಪರೂಪ. ಸ್ಕ್ಯಾನೂ ಇಲ್ಲ, ರಕ್ತ ಪರೀಕ್ಷೆಯೂ ಇಲ್ಲ.

ಹರಳೆಣ್ಣೆ ಹಚ್ಚಿ ತಿಕ್ಕುವ ಸಲಹೆ ಮಾತ್ರ ಕೈಕೊಟ್ಟಿತು, ನೋವು ಇನ್ನೂ ಹೆಚ್ಚಾಯಿತು. ದಿನಾ ಒತ್ತಿ ನೋಡುತ್ತಿದ್ದುದಕ್ಕೆ ನನಗೂ ಬೈಗುಳ. ಮೆತ್ತನೆ ಕಾಟನ್ ಶಿಮ್ಮೀಸ್ ಹಾಕಿದ ಮೇಲೆ ಅವಳಿಗೆ ಆರಾಮ. ಕೆಂಪಗಾದರೆ, ಜ್ವರ ಬಂದರೆ, ಕೀವು ಅಥವಾ ರಕ್ತ ಬಂದರೆ, ಗಂಟು ಬೇಗ ಬೇಗ ದೊಡ್ಡದಾದರೆ ತಕ್ಷಣ ಬನ್ನಿ ಅಂದರು. 8 ವರ್ಷಕ್ಕೆ ಮೊದಲೇ ಶುರುವಾದರೂ ತೋರಿಸಬೇಕಂತೆ. ಮುಟ್ಟು ಸಾಮಾನ್ಯವಾಗಿ ಇದಾಗಿ 2-3 ವರ್ಷಕ್ಕೆ ಬರುತ್ತದಂತೆ. ಮಗಳ ಜೊತೆ ಮಾತಾಡಲು ಸಮಯ ಇದೆ, ಸದ್ಯ.

ನನಗೆ ಗೊತ್ತೇ ಇಲ್ಲದ ವಿಷಯ ಇನ್ನೊಂದು: ಹುಡುಗರಿಗೂ ಹೀಗಾಗುತ್ತದೆ! ಹೆಚ್ಚಿನವರಿಗೆ 6 ತಿಂಗಳಿಂದ 2 ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಫೋನಿನಲ್ಲಿ ಹೇಳಿದಾಗ ಅಕ್ಕ ಒಂದು ಕ್ಷಣ ಸುಮ್ಮನಾದಳು. ಅವಳ 13 ವರ್ಷದ ಮಗ ಬೇಸಿಗೆಯಿಡೀ ಈಜಲು ಹೋಗಲ್ಲ ಅಂತ ಹಟ ಹಿಡಿದಿದ್ದನಂತೆ.