ಸ್ಟುಟ್‌ಗಾರ್ಟ್‌ನಲ್ಲಿ ಹಳೆಯ ರೇಸ್ ಕಾರು ನೋಡುವುದು: ಅಸಲು ಯಾವುದು, ನಕಲು ಯಾವುದು?

ಬೆಣ್ಣೆನಗರಿ_ಪಿಸ್ಟನ್ (ದಾವಣಗೆರೆ)

ನಮಸ್ಕಾರ. ಕಂಪನಿ ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗುವುದಿದೆ. ಶನಿವಾರ ಮಧ್ಯಾಹ್ನದಿಂದ ಸೋಮವಾರ ರಾತ್ರಿಯವರೆಗೆ ಬಿಡುವು. ಭಾನುವಾರ ಮರ್ಸಿಡಿಸ್ ಮ್ಯೂಸಿಯಂ, ಸೋಮವಾರ ಪೋರ್ಶೆ ಮ್ಯೂಸಿಯಂ ಅಂತ ಲೆಕ್ಕ ಹಾಕಿದ್ದೇನೆ. ರಸ್ತೆ ಕಾರುಗಳು ಬೇಡ, 1930ರಿಂದ 1970ರವರೆಗಿನ ರೇಸ್ ಕಾರುಗಳೇ ನೋಡಬೇಕಿರುವುದು.

ಕೇಳಬೇಕಾದ್ದು ಮೂರು. ಯಾವ ಕಾರಿನ ಮುಂದೆ ಜಾಸ್ತಿ ಹೊತ್ತು ನಿಲ್ಲಬೇಕು, ಅದರಲ್ಲಿ ಏನು ನೋಡಬೇಕು? ಎದುರಿಗಿರುವುದು ನಿಜವಾಗಿ ರೇಸ್ ಓಡಿದ ಕಾರೋ, ಆಮೇಲೆ ಕಟ್ಟಿದ ನಕಲೋ ಅಂತ ತಿಳಿಯುವುದು ಹೇಗೆ? ಹೋಗುವ ಮುಂಚೆ ನಮ್ಮ ಕಡೆ ಇಂಥವು ಏನಾದರೂ ನೋಡಲು ಸಿಗುತ್ತಾ?

ದುರ್ಗದ_ಗೇರ್‌ಬಾಕ್ಸ್ (ಚಿತ್ರದುರ್ಗ)

ಸರ್, ಮೊದಲು ಆ ಸೋಮವಾರ ತೆಗೆದುಹಾಕಿ. ಎರಡೂ ಮ್ಯೂಸಿಯಂಗೆ ಸೋಮವಾರ ರಜೆ. ಶನಿವಾರ ಮಧ್ಯಾಹ್ನ ಪೋರ್ಶೆ, ಭಾನುವಾರ ಬೆಳಿಗ್ಗೆ 9ಕ್ಕೆ ಮರ್ಸಿಡಿಸ್ ಅಂತ ಇಟ್ಟುಕೊಳ್ಳಿ. ಪೋರ್ಶೆಯಲ್ಲಿ ಸುಮಾರು 80 ಕಾರು, ಎರಡೂವರೆ ಗಂಟೆ ಸಾಕು. ಮರ್ಸಿಡಿಸ್‌ಗೆ ಅರ್ಧ ದಿನಕ್ಕೆ ಕಮ್ಮಿ ಆಗಲ್ಲ. ಸಂಜೆ 6ಕ್ಕೆ ಎರಡೂ ಮುಚ್ಚುತ್ತವೆ, ಟಿಕೆಟ್ ಕೌಂಟರ್ ಅದಕ್ಕೂ ಮುಂಚೆ. ಪೋರ್ಶೆಗೆ ಎಸ್6 ಲೋಕಲ್ ಹತ್ತಿ ನೊಯ್‌ವಿರ್ಟ್ಸ್‌ಹೌಸ್‌ನಲ್ಲಿ ಇಳಿದರೆ ಎದುರಿಗೇ ಕಟ್ಟಡ. ಮರ್ಸಿಡಿಸ್‌ಗೆ ಎಸ್1 ಹಿಡಿದು ನೆಕ್ಕರ್‌ಪಾರ್ಕ್, ಅಲ್ಲಿಂದ ಸ್ವಲ್ಪ ನಡೆಯಬೇಕು. ಮೊದಲು ನೋಡಿದ ಮ್ಯೂಸಿಯಂ ಟಿಕೆಟ್ ಬಿಸಾಡಬೇಡಿ. ಎರಡನೆಯದರ ಕೌಂಟರ್‌ನಲ್ಲಿ ತೋರಿಸಿ ರಿಯಾಯಿತಿ ಕೇಳಿ.

ಮರ್ಸಿಡಿಸ್‌ನಲ್ಲಿ ಲಿಫ್ಟ್ ಹತ್ತಿಸಿ ಮೇಲಿನ ಅಂತಸ್ತಿಗೆ ಬಿಡುತ್ತಾರೆ, ಅಲ್ಲಿಂದ ಸುತ್ತಿಕೊಂಡು ಇಳಿಯಬೇಕು. ತೊಂದರೆ ಏನೆಂದರೆ, ರೇಸ್ ಕಾರುಗಳಿರುವ 'ಮಿಥೋಸ್ 7' ಕೋಣೆ ಸಿಗುವುದು ದಾರಿಯ ಕೊನೆಗೆ. ಅಷ್ಟರಲ್ಲಿ ಕಾಲು ಸೋತಿರುತ್ತವೆ, ಜನವೂ ತುಂಬಿರುತ್ತಾರೆ. ನಿಮಗೆ ಬೇಕಾದ್ದು ರೇಸ್ ಕಾರು ಮಾತ್ರ ಆದರೆ ಬೆಳಿಗ್ಗೆ ನೇರವಾಗಿ ಅಲ್ಲಿಗೆ ಇಳಿದು, ಉಳಿದದ್ದನ್ನು ಆಮೇಲೆ ನೋಡಿ.

ಅಲ್ಲಿ ಡಬ್ಲ್ಯೂ196 ಮುಂದೆ ಹೊತ್ತು ಕಳೆಯಿರಿ. 1954ರ ಗ್ರ್ಯಾನ್ ಪ್ರಿ (ಈಗ ಫಾರ್ಮುಲಾ ಒನ್ ಅನ್ನುವ ರೇಸ್) ಕಾರು. ಎಂಟು ಸಿಲಿಂಡರ್ ಸಾಲಾಗಿ, ಸುಮಾರು 2.5 ಲೀಟರ್. ಬಾನೆಟ್ ತಗ್ಗಿಸಬೇಕು ಅಂತ ಇಡೀ ಎಂಜಿನ್ನನ್ನೇ ಒಂದು ಪಕ್ಕಕ್ಕೆ ಮಲಗಿಸಿದ್ದಾರೆ. ವಾಲ್ವ್ ಮುಚ್ಚಲು ಸ್ಪ್ರಿಂಗ್ ಇಲ್ಲ, ತೆರೆಯಲು ಒಂದು ಕ್ಯಾಮ್ (ತಿರುಗುತ್ತಾ ವಾಲ್ವ್ ಆಡಿಸುವ ಉಬ್ಬು), ಮುಚ್ಚಲು ಇನ್ನೊಂದು. ಸ್ಪ್ರಿಂಗ್ ಇದ್ದರೆ ಆರ್‌ಪಿಎಂ ಏರಿದ ಹಾಗೆ ವಾಲ್ವ್ ಮುಚ್ಚುವುದು ತಡವಾಗುತ್ತದೆ, ಪಿಸ್ಟನ್‌ಗೆ ಹೊಡೆಯುವ ಭಯ. ಇಲ್ಲಿ ಆ ಭಯ ಇಲ್ಲ, ಆದರೆ ಕ್ಲಿಯರೆನ್ಸ್ ಬಲು ನಿಖರವಾಗಿ ಕೂರಿಸಬೇಕು. ಮುಂದಿನ ಬ್ರೇಕ್ ಡ್ರಮ್‌ಗಳು ಚಕ್ರದೊಳಗೆ ಕಾಣುವುದಿಲ್ಲ, ಯಾರೋ ಬಿಚ್ಚಿಟ್ಟಿದ್ದಾರೆ ಅಂದುಕೊಳ್ಳಬೇಡಿ. ಅವು ಕಾರಿನ ನಡುವೆ ಇವೆ, ಶಾಫ್ಟ್ ಮೂಲಕ ಚಕ್ರಕ್ಕೆ ಸೇರುತ್ತವೆ. ಕಾಕ್‌ಪಿಟ್‌ಗೆ ಇಣುಕಿದರೆ ಪೆಡಲ್‌ಗಳು ದೂರ ದೂರ: ಕ್ಲಚ್ ಹೌಸಿಂಗ್ ಮಧ್ಯೆ ಬರುವುದರಿಂದ ಡ್ರೈವರ್ ಕಾಲಗಲಿಸಿ ಕೂರಬೇಕಿತ್ತು.

ಇದೇ ಕಾರಿನ ಚಕ್ರ ಮುಚ್ಚಿದ ಬಾಡಿಯೂ ಇದೆ. ಫ್ರಾನ್ಸ್‌ನ ರೀಮ್ಸ್‌ನ ನೇರ ರಸ್ತೆಯಲ್ಲಿ ಅದು ಗೆದ್ದಿತು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಮುಂಚಕ್ರ ಎಲ್ಲಿದೆ ಅಂತ ತಂಡದ ಮುಖ್ಯ ಡ್ರೈವರ್ ಫ್ಯಾಂಜಿಯೊಗೆ ಕಾಣದೆ, ತಿರುವು ಗುರುತಿಸಲು ಇಟ್ಟ ಎಣ್ಣೆ ಡ್ರಮ್‌ಗಳಿಗೆ ಕಾರು ಬಡಿಯಿತು. ಮುಂದಿನ ರೇಸ್, ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ಗೆ ತೆರೆದ ಚಕ್ರದ ಬಾಡಿ ಬಂತು. ಎರಡನ್ನೂ ನೋಡುವಾಗ ಡ್ರೈವರ್ ಸೀಟಿನ ಎತ್ತರಕ್ಕೆ ಬಗ್ಗಿ ಮುಂದಕ್ಕೆ ನೋಡಿ, ಕಾರಣ ತಾನಾಗಿ ಗೊತ್ತಾಗುತ್ತದೆ.

ಜನ ನಿಲ್ಲದೆ ದಾಟಿ ಹೋಗುವ ಒಂದು ಕಾರು ಡಬ್ಲ್ಯೂ165. ಆಗ ಇಟಲಿ ಕೈಯಲ್ಲಿದ್ದ ಲಿಬಿಯಾದ ಟ್ರಿಪೋಲಿ ರೇಸ್‌ನಲ್ಲಿ ಜರ್ಮನಿಯವರು ಗೆಲ್ಲಬಾರದೆಂದು ಇಟಲಿಯವರು 1939ಕ್ಕೆ 1.5 ಲೀಟರ್ ಮಿತಿ ಹಾಕಿದರು. ಮರ್ಸಿಡಿಸ್‌ನವರು ಸುಮಾರು ಎಂಟು ತಿಂಗಳಲ್ಲಿ ಹೊಸ ವಿ8 ಕಟ್ಟಿ, ಎರಡೇ ಕಾರು ಕಳಿಸಿ, ಮೊದಲ ಎರಡು ಸ್ಥಾನ ಹೊಡೆದರು. ಆಮೇಲೆ ಅದು ರೇಸ್ ಓಡಲೇ ಇಲ್ಲ.

ಭದ್ರಾ_ಬೇರಿಂಗ್ (ದಾವಣಗೆರೆ)

ಪೋರ್ಶೆ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿಯ ಕಾರುಗಳು ಗೋಡೆಗೆ ಮೊಳೆ ಹೊಡೆದಿಟ್ಟವಲ್ಲ, ಓಡುವವು. ಹಳೆ ಕಾರುಗಳ ರೇಸ್, ಪ್ರದರ್ಶನ ಅಂತ ಹೊರಗೆ ಹೋಗುತ್ತಲೇ ಇರುತ್ತವೆ. ನೀವು ಹೋದ ದಿನ ಪೋರ್ಶೆಯ ಹೆಸರಾಂತ ರೇಸ್ ಕಾರು 917 ಇಲ್ಲದೇ ಇರಬಹುದು. ವಾರದ ಮುಂಚೆ ಈಮೇಲ್ ಹಾಕಿ, 'ಇಂಥ ಚಾಸಿ ನಂಬರಿನ (ಪ್ರತಿ ಕಾರಿನ ಫ್ರೇಮ್‌ಗೂ ಬೇರೆ ಬೇರೆ ಇರುವ ಗುರುತಿನ ನಂಬರ್) ಕಾರು ಈ ದಿನ ಹಾಲ್‌ನಲ್ಲಿ ಇರುತ್ತದೆಯೇ' ಅಂತ ಕೇಳಿ. '917 ಇದೆಯಾ' ಅಂತ ಕೇಳಿದರೆ ಇದೆ ಅಂತಲೇ ಉತ್ತರ ಬರುತ್ತದೆ. ಯಾವುದು ಅನ್ನುವುದೇ ಮುಖ್ಯ.

ಈಗ ಅಸಲು, ನಕಲು. 917 ಉದಾಹರಣೆಯೇ ಸಾಕು. ರೇಸ್‌ಗೆ ಇಳಿಸಲು ನಿಯಮ ಕೇಳುತ್ತಿದ್ದ 25 ಕಾರುಗಳನ್ನು 1969ರಲ್ಲಿ ಸಾಲಾಗಿ ನಿಲ್ಲಿಸಿ ತೋರಿಸಿದರು. ಫ್ರಾನ್ಸ್‌ನ 24 ಗಂಟೆಯ ರೇಸ್ ಲೆ ಮಾನ್ ಅನ್ನು 1970ರಲ್ಲಿ ಗೆದ್ದದ್ದು ಕೆಂಪು-ಬಿಳಿ ಬಣ್ಣದ 917-023. ಆದರೆ ಎಷ್ಟೋ ವರ್ಷ ಆ ಬಣ್ಣದಲ್ಲಿ ಪೋರ್ಶೆಯವರು ತೋರಿಸುತ್ತಿದ್ದದ್ದು 917-001, ಅಂದರೆ ಮೊಟ್ಟಮೊದಲ ಕಾರು. 2019ರಲ್ಲಿ ಅದನ್ನು ಮತ್ತೆ ಜಿನೀವಾ ಪ್ರದರ್ಶನದ ಬಿಳಿ-ಹಸಿರು ಬಣ್ಣಕ್ಕೂ ಉದ್ದ ಬಾಲಕ್ಕೂ ತಂದರು. ಕಾರು ನಕಲಿಯಲ್ಲ, ಬಣ್ಣ ಇನ್ನೊಂದರದು. ಬಣ್ಣವನ್ನೂ ಬಾಗಿಲ ಮೇಲಿನ ನಂಬರನ್ನೂ ನಂಬಬೇಡಿ, ಫಲಕದಲ್ಲಿ ಚಾಸಿ ನಂಬರ್ ಹುಡುಕಿ. 1971ರಲ್ಲಿ ಅದೇ ಲೆ ಮಾನ್ ಗೆದ್ದ 917-053 ಮಾತ್ರ ಕಂಪನಿಯ ಬಳಿಯೇ ಉಳಿದ ಕಾರು. ಮೆಗ್ನೀಸಿಯಂ ಕೊಳವೆಯ ಫ್ರೇಮ್, 24 ಗಂಟೆಯಲ್ಲಿ 5,335 ಕಿ.ಮೀ., ಆ ದೂರದ ದಾಖಲೆ 2010ರವರೆಗೆ ಅಳಿಯಲಿಲ್ಲ. 917ರ ಫ್ರೇಮ್ ಕೊಳವೆಗಳೊಳಗೆ ಒತ್ತಡದಲ್ಲಿ ಗ್ಯಾಸ್ ತುಂಬುತ್ತಿದ್ದರು. ಗೇಜ್ ಇಳಿಯಿತು ಅಂದರೆ ಎಲ್ಲೋ ವೆಲ್ಡಿಂಗ್ ಬಿರುಕು ಬಿಟ್ಟಿದೆ ಎಂದರ್ಥ. ಗೇರ್ ಹಿಡಿ ಬಾಲ್ಸಾ ಮರದ್ದು, ತೂಕ ಉಳಿಸಲು.

ಕಣ್ಣಿನಲ್ಲೇ ಪತ್ತೆ ಹಚ್ಚುವುದು ಹೀಗೆ:

ಬಾಡಿಯ ತಗಡನ್ನು ಓರೆಯಾಗಿ, ಬೆಳಕಿಗೆ ಎದುರಾಗಿ ನೋಡಿ. ಕೈಯಿಂದ ತಟ್ಟಿದ ಅಲ್ಯೂಮಿನಿಯಂ ಕನ್ನಡಿಯಂತೆ ಸಪಾಟಾಗಿ ಇರುವುದಿಲ್ಲ, ಸಣ್ಣ ಅಲೆ ಇದ್ದೇ ಇರುತ್ತದೆ. ನಮ್ಮ ಪಿ.ಬಿ. ರಸ್ತೆ ಟಿಂಕರಿಂಗ್ ಶೆಡ್‌ಗಳಲ್ಲಿ ಲಾರಿ ಕ್ಯಾಬಿನ್ ತಟ್ಟುವುದನ್ನು ನೋಡಿದ ಕಣ್ಣಿಗೆ ಇದು ಬೇಗ ಸಿಗುತ್ತದೆ. ಎರಡೂ ಬದಿ ತದ್ರೂಪ, ಮಿರಮಿರ ಬಣ್ಣ ಇದ್ದರೆ ಈಚೆಗೆ ಬಾಡಿ ಹೊಸದಾಗಿ ಮಾಡಿದ್ದಾರೆ. ಆಗಿನ ರೇಸ್ ತಂಡಗಳಿಗೆ ಅಷ್ಟು ಪುರಸೊತ್ತು ಇರಲಿಲ್ಲ.

ನಟ್ಟು, ಕ್ಲಿಪ್ಪು, ಹೋಸ್ ನೋಡಿ. ಹೊಳೆಯುವ ಸ್ಟೇನ್‌ಲೆಸ್ ಅಲೆನ್ ಬೋಲ್ಟ್, ಪ್ಲಾಸ್ಟಿಕ್ ಕೇಬಲ್ ಟೈ 1930ರ ಕಾರಿನಲ್ಲಿ ಇರಬಾರದು. ನೀಲಿ ತ್ರಿಕೋನದಲ್ಲಿ ಕೆಂಪು ಮಿಂಚಿನ ಸ್ಟಿಕ್ಕರ್ ಕಂಡರೆ ಅದು ಕರೆಂಟ್ ಕಟ್ ಮಾಡುವ ಸ್ವಿಚ್. ಅದು ಇದೆ ಎಂದರೆ ಕಾರು ಈಗಲೂ ಹಳೆ ಕಾರುಗಳ ರೇಸ್‌ಗೆ ಇಳಿಯುತ್ತದೆ, ಹಾಗಾಗಿ ಪೆಟ್ರೋಲ್ ಟ್ಯಾಂಕ್, ಬೆಲ್ಟ್, ರೋಲ್ ಬಾರ್ ಎಲ್ಲ ಹೊಸದಾಗಿರುವುದೇ ಹೆಚ್ಚು. ಇಂಥ ಕಾರುಗಳಿಗೆ ಮೋಟಾರ್ ರೇಸ್‌ನ ಜಾಗತಿಕ ಸಂಸ್ಥೆ ಎಫ್‌ಐಎ ಕೊಡುವ ಪಾಸ್‌ಪೋರ್ಟ್ ಬಗ್ಗೆ ಜನಕ್ಕೆ ತಪ್ಪು ತಿಳಿವಳಿಕೆ ಇದೆ. ಅದು ಕಾರಿನ ಭಾಗಗಳು ಆ ಕಾಲದ ನಿಯಮದಂತೆ ಇವೆ ಅನ್ನುತ್ತದೆ. ಇದೇ ಕಾರು ಅಂದು ರೇಸ್ ಓಡಿತ್ತು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ.

1930ರ ದಶಕದಲ್ಲಿ ಮರ್ಸಿಡಿಸ್‌ಗೆ ಎದುರಾಳಿಯಾಗಿದ್ದ ಜರ್ಮನ್ ಕಂಪನಿ ಆಟೋ ಯೂನಿಯನ್ ಹೆಸರು ಕಂಡರೆ ಮಾತ್ರ ಇಮ್ಮಡಿ ಅನುಮಾನ ಇರಲಿ. ಹಿಂದೆ 16 ಸಿಲಿಂಡರ್ ಇಟ್ಟ ಆ ಕಾರುಗಳನ್ನು ಯುದ್ಧ ಮುಗಿದ ಮೇಲೆ ಸೋವಿಯತ್‌ನವರು ಹೊತ್ತೊಯ್ದರು, ಬಹಳಷ್ಟು ಹಾಳಾದವು. ಆಮೇಲೆ ಆ ಕಂಪನಿಯ ವಾರಸುದಾರರಾದ ಆಡಿ ಕಂಪನಿಯವರು ಇಂಗ್ಲೆಂಡಿನಲ್ಲಿ ನಕಲು ಕಟ್ಟಿಸಿದರು. ಲಾಟ್ವಿಯಾದ ರೀಗಾ ಮ್ಯೂಸಿಯಂನಲ್ಲಿದ್ದ ಅಸಲನ್ನು ತಾವು ತೆಗೆದುಕೊಂಡು, ಅಲ್ಲಿಗೆ ಕೊಟ್ಟದ್ದೂ ನಕಲೇ. ಜರ್ಮನ್ ಫಲಕದಲ್ಲಿ 'ನಾಖ್‌ಬಾವ್' ಅಂತ ಇದ್ದರೆ ಹೊಸದಾಗಿ ಕಟ್ಟಿದ್ದು, 'ಲೈಗಾಬೆ' ಅಂದರೆ ಬೇರೆಯವರಿಂದ ಎರವಲು ತಂದದ್ದು.

ಬೆಣ್ಣೆನಗರಿ_ಪಿಸ್ಟನ್

ಸೋಮವಾರದ ವಿಷಯ ಹೇಳಿ ಬಚಾವ್ ಮಾಡಿದಿರಿ ಅಣ್ಣಾ. ಇನ್ನೊಂದು: 1934ರಲ್ಲಿ ಮರ್ಸಿಡಿಸ್ ರೇಸ್ ಕಾರಿನ ತೂಕ 750 ಕೆ.ಜಿ. ಮಿತಿಗಿಂತ ಒಂದು ಕೆ.ಜಿ. ಜಾಸ್ತಿ ಆಯಿತು, ರಾತ್ರೋರಾತ್ರಿ ಬಿಳಿ ಬಣ್ಣ ಕೆರೆದು ಹಾಕಿದರು, ಬೆಳ್ಳಿ ಬಣ್ಣ ಅಲ್ಲಿಂದ ಬಂತು ಅನ್ನುತ್ತಾರಲ್ಲ, ಅದು ನಿಜವಾ? ಮತ್ತೆ, ಚಾಸಿ ನಂಬರ್ ಒಂದೇ ಇದ್ದು ಬಾಡಿ ಬೇರೆ ಇದ್ದರೆ ಅಸಲು ಅನ್ನಬೇಕಾ, ಬೇಡವಾ?

ದುರ್ಗದ_ಗೇರ್‌ಬಾಕ್ಸ್

ಬಣ್ಣ ಕೆರೆದ ಕಥೆ ಮರ್ಸಿಡಿಸ್ ತಂಡದ ಮ್ಯಾನೇಜರ್ ನಾಯ್‌ಬಾವರ್ ಎಷ್ಟೋ ವರ್ಷದ ಮೇಲೆ ಬರೆದದ್ದು. ಅದು ನಡೆಯಿತು ಅನ್ನುವ ನ್ಯೂರ್‌ಬರ್ಗ್‌ರಿಂಗ್‌ನ ಐಫೆಲ್ ರೇಸ್‌ಗೆ 750 ಕೆ.ಜಿ. ನಿಯಮವೇ ಇರಲಿಲ್ಲ ಅಂತ ಇತಿಹಾಸಕಾರರು ತಕರಾರು ಎತ್ತಿದ್ದಾರೆ. ಕಥೆ ಚೆನ್ನಾಗಿದೆ, ಅಷ್ಟೇ.

ಬಾಡಿ ಪ್ರಶ್ನೆಗೆ: ರೇಸ್ ಕಾರಿಗೆ ಬಾಡಿ ಅಂದರೆ ಬದಲಾಯಿಸುವ ಅಂಗಿ. ಡಬ್ಲ್ಯೂ196ರ ಚಾಸಿ 00009/54 ನೋಡಿ. 1955ರ ಜನವರಿಯಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಫ್ಯಾಂಜಿಯೊ ಅದನ್ನು ತೆರೆದ ಚಕ್ರದಲ್ಲಿ ಓಡಿಸಿ ಗೆದ್ದರು, ಅದೇ ವರ್ಷ ಇಟಲಿಯ ಮೊಂಜಾದಲ್ಲಿ ತಂಡದ ಇನ್ನೊಬ್ಬ ಡ್ರೈವರ್ ಸ್ಟರ್ಲಿಂಗ್ ಮಾಸ್ ಅದನ್ನೇ ಮುಚ್ಚಿದ ಬಾಡಿಯಲ್ಲಿ ಓಡಿಸಿದರು. ಎರಡೂ ಕಾರ್ಖಾನೆಯವರೇ ಹಾಕಿದ್ದು, ಎರಡೂ ಅಸಲು. ಮರ್ಸಿಡಿಸ್‌ನವರು ಅದನ್ನು 1965ರಲ್ಲಿ ಇಂಡಿಯಾನಾಪೊಲಿಸ್ ಮ್ಯೂಸಿಯಂಗೆ ದಾನ ಕೊಟ್ಟರು, 2025ರ ಫೆಬ್ರವರಿಯಲ್ಲಿ ಅದು 5.1 ಕೋಟಿ ಯೂರೊಗೂ ಮೇಲೆ ಹರಾಜಾಯಿತು. ಮ್ಯೂಸಿಯಂ ಸೇರಿದ ಕಾರು ಅಲ್ಲೇ ಇರುತ್ತದೆ ಅಂತ ಹಳೆ ಪಟ್ಟಿ ನಂಬಿ ಹೋಗಬಾರದು ಅನ್ನುವುದು ಇದಕ್ಕೇ.

ಸೋಮವಾರಕ್ಕೆ ಜಿನ್ಸ್‌ಹೈಮ್ ಟೆಕ್ನಿಕ್ ಮ್ಯೂಸಿಯಂಗೆ ಹೋಗಿ, ಅದು ವರ್ಷದ 365 ದಿನವೂ ತೆರೆದಿರುತ್ತದೆ. ಹೈಲ್‌ಬ್ರಾನ್‌ನಲ್ಲಿ ರೈಲು ಬದಲಿಸಿ 'ಜಿನ್ಸ್‌ಹೈಮ್ ಮ್ಯೂಸಿಯಂ/ಅರೇನಾ' ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿ ಬ್ಲೂ ಫ್ಲೇಮ್ ಇದೆ: 1970ರ ಅಕ್ಟೋಬರ್‌ನಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಲ್ಲಿ ಗಂಟೆಗೆ 1,000 ಕಿ.ಮೀ. ದಾಟಿದ ರಾಕೆಟ್ ಕಾರು. ಪಕ್ಕದಲ್ಲಿ ಜನ ಮುತ್ತಿಕೊಳ್ಳುವುದು 'ಬ್ರೂಟಸ್'ಗೆ. ಹಳೆ ಅಮೆರಿಕನ್ ಚಾಸಿ ಮೇಲೆ ಬಿಎಂಡಬ್ಲ್ಯೂ ವಿಮಾನದ ಎಂಜಿನ್, 46 ಲೀಟರ್. ಸ್ಟಾರ್ಟ್ ಮಾಡಿದರೆ ಬೆಂಕಿ ಉಗುಳುತ್ತದೆ, ಆದರೆ ಹಳೆ ಭಾಗಗಳನ್ನು ಈಚೆಗೆ ಕೂಡಿಸಿ ಕಟ್ಟಿದ್ದು, ಆ ಕಾಲದಲ್ಲಿ ರೇಸ್ ಓಡಿದ್ದಲ್ಲ. ಭದ್ರಾ ಅವರು ಹೇಳಿದ ಪರೀಕ್ಷೆ ಮಾಡಿ ನೋಡಲು ಒಳ್ಳೆಯ ಕಾರು.

ಚಂದ್ರವಳ್ಳಿ_ಚಾಸಿ (ಚಿತ್ರದುರ್ಗ)

ಮೂರನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ನಮ್ಮ ಕಡೆ ರೇಸ್ ಕಾರು ಅಂತ ಹುಡುಕಿದರೆ ನಿರಾಸೆಯೇ. ಹಳೆ ಕಾರಿನ ಕೆಲಸಗಾರಿಕೆ ನೋಡಿ ಕಣ್ಣು ಪಳಗಿಸಿಕೊಳ್ಳಲು ಶ್ರೀರಂಗಪಟ್ಟಣದ ಹತ್ತಿರದ ಪಯಣ ಮ್ಯೂಸಿಯಂ ಇದೆ, ಧರ್ಮಸ್ಥಳದ ಹೆಗ್ಗಡೆಯವರ ಸಂಗ್ರಹ. ಅಲ್ಲಿರುವುದು ವಿಂಟೇಜ್ ಮತ್ತು ಕ್ಲಾಸಿಕ್ ರಸ್ತೆ ಕಾರುಗಳು. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಸುತ್ತಬೇಕಿಲ್ಲ. ಹಿರಿಯೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 48 ಬಿಟ್ಟು 150ಎ ಹಿಡಿದರೆ ಹುಳಿಯಾರು, ಚಿಕ್ಕನಾಯಕನಹಳ್ಳಿ, ನಾಗಮಂಗಲ ದಾಟಿ ಶ್ರೀರಂಗಪಟ್ಟಣಕ್ಕೇ ಬರುತ್ತೀರಿ. ಕೊಯಮತ್ತೂರಿನ ಅವಿನಾಶಿ ರಸ್ತೆಯ ಜೀಡೀ ಕಾರ್ ಮ್ಯೂಸಿಯಂ ಇನ್ನೊಂದು.

ನಮ್ಮ ರೇಸ್ ಇತಿಹಾಸ ಚೆನ್ನೈ ಹತ್ತಿರದ ಶೋಲಾವರಂನ ವಿಮಾನದ ರನ್‌ವೇ ಮೇಲೆ ಬೆಳೆದದ್ದು. 80ರ ದಶಕದಲ್ಲಿ ಅಲ್ಲಿ ಓಡಿದ ಸಿಪಾನಿ ಡಾಲ್ಫಿನ್ ಬೆಂಗಳೂರಿನದೇ: ಫೈಬರ್ ಬಾಡಿ, 848 ಸಿಸಿ ಅಲ್ಯೂಮಿನಿಯಂ ಎಂಜಿನ್. ಮಾರುಕಟ್ಟೆಯಲ್ಲಿ ಸೋತಿತು, ಹಗುರ ಇದ್ದದ್ದರಿಂದ ರೇಸ್‌ನವರು ಮುಗಿಬಿದ್ದರು. ಕೊಯಮತ್ತೂರಿನ ಕರಿವರ್ಧನ್ ಕಟ್ಟಿದ ಒಂಟಿ ಸೀಟಿನ ರೇಸ್ ಕಾರು ಫಾರ್ಮುಲಾ ಮಾರುತಿಯಲ್ಲಿ ಇದ್ದದ್ದು ನಮ್ಮ ಮಾರುತಿ 800ರ ಎಂಜಿನ್. ಇವೆಲ್ಲ ಒಂದೇ ಸೂರಿನಡಿ ಬರದೇ ಇರುವುದು ಬೇಸರದ ಸಂಗತಿ.

ಓಡದೆ ನಿಂತ ರೇಸ್ ಕಾರು ಹಾಳಾಗುವುದು ತುಕ್ಕಿಗಿಂತ ಎಣ್ಣೆಯಿಂದ. ಆಗ ಎಂಜಿನ್‌ಗೆ ಹಾಕುತ್ತಿದ್ದದ್ದು ಹರಳೆಣ್ಣೆ. ಬಿಟ್ಟರೆ ಅರಗಿನ ಹಾಗೆ ಗಟ್ಟಿಯಾಗಿ ರಿಂಗ್ ಹಿಡಿದುಬಿಡುತ್ತದೆ. ಮೆಥನಾಲ್ ಇಂಧನ ಗಾಳಿಯ ನೀರು ಎಳೆದುಕೊಂಡು ಕಾರ್ಬ್ಯುರೇಟರ್‌ನ ಅಲ್ಯೂಮಿನಿಯಂ ತಿನ್ನುತ್ತದೆ. ಹಾಗಾಗಿ ಒಳ್ಳೆಯ ಮ್ಯೂಸಿಯಂನವರು ಟ್ಯಾಂಕ್ ಬರಿದು ಮಾಡಿ, ಟೈರ್ ಚಪ್ಪಟೆಯಾಗದಂತೆ ಕಾರನ್ನು ಸ್ಟ್ಯಾಂಡ್ ಮೇಲೆ ಎತ್ತಿರುತ್ತಾರೆ. ಕೆಳಗೆ ಎಣ್ಣೆ ತಟ್ಟೆ ಇಟ್ಟಿದ್ದರೆ ಆ ಎಂಜಿನ್‌ನಲ್ಲಿ ಎಣ್ಣೆ ಇನ್ನೂ ಇದೆ ಅಂತ ತಿಳಿಯಿರಿ.

ಫೋಟೊ ತೆಗೆಯುವಾಗ ಪ್ರತಿ ಕಾರಿಗೂ ಮೊದಲು ಫಲಕದ ಫೋಟೊ, ಆಮೇಲೆ ಕಾರು. ಇಲ್ಲದಿದ್ದರೆ ಮನೆಗೆ ಬಂದಾಗ ಬೆಳ್ಳಿ ಕಾರುಗಳೆಲ್ಲ ಒಂದೇ ಥರ ಕಾಣುತ್ತವೆ. ಸ್ಪಾಟ್‌ಲೈಟ್ ಕೆಳಗೆ ಬೆಳ್ಳಿ ಬಾಡಿ ಬೆಳ್ಳಗೆ ಸುಟ್ಟುಹೋಗುತ್ತದೆ, ಫೋನಿನಲ್ಲಿ ಎಕ್ಸ್‌ಪೋಶರ್ ಒಂದು ಹಂತ ಇಳಿಸಿ. ಫ್ಲ್ಯಾಶ್ ಬೇಡ, ಟ್ರೈಪಾಡ್ ಸಾಮಾನ್ಯವಾಗಿ ಒಳಗೆ ಬಿಡಲ್ಲ. ಪೋರ್ಶೆಯಲ್ಲಿ 1980ರ ದಶಕದ ರೇಸ್ ಕಾರು 956 ಒಂದನ್ನು ಚಾವಣಿಗೆ ತಲೆಕೆಳಗಾಗಿ ತೂಗುಹಾಕಿದ್ದಾರೆ. ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ತಳದ ಸುರಂಗಗಳು ಬೇರೆಲ್ಲೂ ಇಷ್ಟು ಸಲೀಸಾಗಿ ಕಾಣುವುದಿಲ್ಲ, ಅದರ ಫೋಟೊ ಮಾತ್ರ ಬಿಡಬೇಡಿ.

ಬೆಣ್ಣೆನಗರಿ_ಪಿಸ್ಟನ್

ಪೋರ್ಶೆಗೆ ಈಮೇಲ್ ಹಾಕಿದೆ, 917-001 ಮತ್ತು 053 ಎರಡರ ನಂಬರೂ ಬರೆದು. ಉತ್ತರ ಬಂದ ತಕ್ಷಣ ಇಲ್ಲೇ ಹಾಕುತ್ತೇನೆ.