ಪದಚರ್ಚೆ: ಕ್ಯಾಸೆಟ್ಟಿನ ದನಿ ‘ರಫ್ತು’ ಆಗುತ್ತದೆಯೇ, ‘ಕಡತಕ್ಕಿಳಿ’ಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ನನಗೊಂದು ಕ್ರಿಯಾಪದ ಬೇಕಾಗಿದೆ. ಹಳೆಯ ಕ್ಯಾಸೆಟ್ಟಿನ ದನಿಯನ್ನು ಕಂಪ್ಯೂಟರಿಗೆ ತುಂಬಿಕೊಂಡು, ಬೇಡದ ಭಾಗ ಕತ್ತರಿಸಿ, ಕೊನೆಗೆ ಎಲ್ಲಿ ಬೇಕಾದರೂ ಕೇಳಬಹುದಾದ ಒಂದು ಫೈಲಾಗಿ ತೆಗೆಯುತ್ತೇವಲ್ಲ, ಆ ಕೊನೆಯ ಕೆಲಸಕ್ಕೆ ತಂತ್ರಾಂಶಗಳಲ್ಲಿ ಎಕ್ಸ್‌ಪೋರ್ಟ್ ಎಂದಿರುತ್ತದೆ. ಕನ್ನಡದಲ್ಲಿ ಅದನ್ನು ‘ರಫ್ತು ಮಾಡಿ’ ಎಂದು ಬರೆಯುವುದು ರೂಢಿಯಾಗುತ್ತಿದೆ. ಮನೆಯಲ್ಲೇ ಕುಳಿತು ಈ ಕೆಲಸ ಮಾಡಿಕೊಳ್ಳಬಯಸುವ ಹಿರಿಯರಿಗಾಗಿ ನಾನೊಂದು ಕೈಪಿಡಿ ಬರೆಯುತ್ತಿದ್ದೇನೆ. ಬೇರೆಲ್ಲ ಹೇಗೋ ಸಾಗಿತು, ಈ ಒಂದು ಮಾತಿನ ಹತ್ತಿರ ಬಂದು ನಿಂತಿದೆ.

ಮೊದಲ ಕರಡಿನಲ್ಲಿ ‘ರಫ್ತು’ ಕಿವಿಗೆ ಒಗ್ಗಲಿಲ್ಲವೆಂದು ‘ಕೆಲಸ ಮುಗಿದ ಮೇಲೆ ಉಳಿಸಿ’ ಎಂದು ಬರೆದಿದ್ದೆ. ನನ್ನ ಸೋದರತ್ತೆ ಅದನ್ನು ನೋಡಿಕೊಂಡು ತಮ್ಮ ತಾಯಿ ಹೇಳಿದ ಕಥೆಗಳ ಎರಡು ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ತುಂಬಿಸಿದರು. ಹೇಳಿದ ಹಾಗೇ ‘ಉಳಿಸಿ’, ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿದರು. ಪೆನ್‌ಡ್ರೈವಿನಲ್ಲಿದ್ದ ಫೈಲು ಕೆಲವೇ ಕಿಲೋಬೈಟಿನದು. ಅದರಲ್ಲಿ ದನಿಯೇ ಇರಲಿಲ್ಲ. ಎಲ್ಲಿ ಕತ್ತರಿಸಿದೆ, ಎಲ್ಲಿ ಏರಿಸಿದೆ ಎಂಬ ಲೆಕ್ಕ ಮಾತ್ರ ಇತ್ತು. ದನಿ ಇದ್ದದ್ದು ಅದರ ಜೊತೆಗಿನ ಬೇರೊಂದು ಫೋಲ್ಡರಿನಲ್ಲಿ, ಅದು ಹೋಗಿಯಾಗಿತ್ತು. “ಉಳಿಸು ಅಂತ ನೀನೇ ಬರೆದಿದ್ದಿ, ಉಳಿಸಿದೆ” ಎಂದರು. ಅವರ ತಪ್ಪು ಒಂದಿಷ್ಟೂ ಇಲ್ಲ. ಕ್ಯಾಸೆಟ್ಟುಗಳು ಇದ್ದವಾದ್ದರಿಂದ ಮತ್ತೆ ತುಂಬಿಸಿದೆವು. ಆದರೆ ಎರಡನೆಯ ಸಲ ಓಡುವಾಗ ಒಂದರ ರೀಲು ಸುತ್ತಿಕೊಂಡು ಸುಕ್ಕಾಯಿತು, ಒಂದು ಕಥೆಯ ಕೊನೆ ಹೋಯಿತು. ಅಂದಿನಿಂದ ಈ ಪದವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ.

ಈ ವಿಷಯ ಹೊಸದಾದವರಿಗೆ ಎರಡು ಮಾತು. ಆಡಾಸಿಟಿಯಂಥ ತಂತ್ರಾಂಶದಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ನಡೆಯುತ್ತಿರುವ ಕೆಲಸವನ್ನು ಇದ್ದ ಸ್ಥಿತಿಯಲ್ಲೇ ಎತ್ತಿಡುವುದು, ಅಂದರೆ ಪ್ರಾಜೆಕ್ಟನ್ನು ಸೇವ್ ಮಾಡುವುದು. ಅದು ಆ ತಂತ್ರಾಂಶಕ್ಕೆ ಮಾತ್ರ ಅರ್ಥವಾಗುವ ಫೈಲು. ಆಡಾಸಿಟಿಯ 3.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಲೆಕ್ಕದ ಫೈಲು, ದನಿಯ ಫೋಲ್ಡರು ಬೇರೆ ಬೇರೆ ಇರುತ್ತಿದ್ದವು; 2021ರಲ್ಲಿ ಬಂದ 3.0ರಿಂದ ಎರಡೂ ಒಂದೇ ಫೈಲಿನಲ್ಲಿವೆ. ಆದರೂ ಅದು ಫೋನಿನಲ್ಲಿ ನುಡಿಯುವುದಿಲ್ಲ. ಇನ್ನೊಂದು, ಎಲ್ಲ ಎಳೆಗಳನ್ನೂ ಹೊಸೆದು ವೇವ್ ಅಥವಾ ಎಂಪಿ3 ರೂಪದ ಒಂದು ಫೈಲನ್ನು ಹೊರಗೆ ತರುವುದು. ಮೊದಲನೆಯದು ಮಗ್ಗದ ಮೇಲಿರುವ ಬಟ್ಟೆ, ಎರಡನೆಯದು ಕೊಯ್ದು ಕೈಗೆ ಕೊಟ್ಟ ಬಟ್ಟೆ. ‘ಉಳಿಸು’ ಎಂಬುದನ್ನು ಮೊದಲನೆಯದಕ್ಕೇ ಬಿಟ್ಟುಕೊಡಬೇಕು, ಅದರಲ್ಲಿ ನನಗೆ ಈಗ ಅನುಮಾನವಿಲ್ಲ. ಎರಡನೆಯದಕ್ಕೆ ಏನು?

‘ರಫ್ತು’ ಎಂಬುದು ಪಾರಸಿಯಿಂದ ಬಂದದ್ದು, ಅಲ್ಲಿ ‘ರಫ್ತ್’ ಎಂದರೆ ‘ಹೋಯಿತು’. ಅದರ ಜೊತೆಗಾರ ‘ಆಮದು’ ಕೂಡ ಅಲ್ಲಿಯದೇ, ‘ಆಮದ್’ ಎಂದರೆ ‘ಬಂದಿತು’. ಹೋದದ್ದು, ಬಂದದ್ದು: ಸರಕಿಗೆ ಇಷ್ಟು ಚೆನ್ನಾಗಿ ಒಪ್ಪುವ ಜೋಡಿ ಮತ್ತೊಂದಿಲ್ಲ. ತೊಡಕು ಇಲ್ಲೇ. ರಫ್ತಾದ ಸರಕು ನಮ್ಮಲ್ಲಿ ಉಳಿಯುವುದಿಲ್ಲ. ದನಿಯ ವಿಷಯದಲ್ಲಿ ಹಾಗಲ್ಲ, ಮೂಲ ಇದ್ದಲ್ಲೇ ಇರುತ್ತದೆ, ಅದರದೊಂದು ರೂಪ ಹೊರಬರುತ್ತದೆ. ಕೈಪಿಡಿ ಓದಿದ ಇನ್ನೊಬ್ಬ ಹಿರಿಯರು “ರಫ್ತು ಮಾಡಿದರೆ ಇಲ್ಲಿರುವುದು ಹೋಗಿಬಿಡುವುದಿಲ್ಲವೇ?” ಎಂದು ಕೇಳಿ ಆ ಗುಂಡಿಯನ್ನು ಒತ್ತದೆ ಕುಳಿತರು. ಪದದ ಬೇರು ಅವರಿಗೆ ಗೊತ್ತಿರಲಿಲ್ಲ, ಬಳಕೆಯ ಅರ್ಥವೇ ಅವರನ್ನು ತಡೆದಿತ್ತು.

‘ಹೊರಹಾಕು’ ಎಂದು ಬರೆದದ್ದನ್ನೂ ನೋಡಿದ್ದೇನೆ. ಅದು ಮನೆಯಿಂದ ಆಚೆಗಟ್ಟುವ ಮಾತು, ಬೇಡ. ‘ಹೊರತೆಗೆ’ ಪರವಾಗಿಲ್ಲ, ಆದರೆ ಜಿಪ್ ಫೈಲನ್ನು ಬಿಚ್ಚುವ ಕೆಲಸ ಅದನ್ನು ಆಗಲೇ ಹಿಡಿದುಕೊಂಡಿದೆ. ‘ಎರಕ ಹೊಯ್ಯು’ ಎಂಬುದು ಕೆಲದಿನ ನನ್ನನ್ನು ಸೆಳೆದಿತ್ತು. ವೇವ್, ಎಂಪಿ3ಗಳನ್ನು ಅಚ್ಚುಗಳೆನ್ನಬಹುದು, ದನಿಯನ್ನು ಹೊಯ್ಯಬಹುದು. ಒಂದು ಗುಂಡಿಯ ಮೇಲೆ ಬರೆಯಲು ಅದು ತೀರಾ ಕಾವ್ಯವಾಯಿತು.

ಹೀಗೆ ಹುಡುಕುವಾಗ ‘ಇಳಿಸು’ ಕಣ್ಣಿಗೆ ಬಿತ್ತು. ಒಂಟಿ ‘ಇಳಿಸು’ ಅಲ್ಲ, ಚತುರ್ಥಿಯನ್ನು ಹಿಡಿದುಕೊಂಡ ‘ಇಳಿಸು’. ಬರಹಕ್ಕಿಳಿಸು, ಕಾಗದಕ್ಕಿಳಿಸು, ಕಾರ್ಯರೂಪಕ್ಕಿಳಿಸು, ಕೃತಿಗಿಳಿಸು. ಇವುಗಳನ್ನು ಒಟ್ಟಿಗೆ ಇಟ್ಟು ನೋಡಿ. ಎಲ್ಲದರಲ್ಲೂ ಇನ್ನೂ ಗಟ್ಟಿಯಾಗದ ಒಂದು ವಸ್ತು ಗಟ್ಟಿಯಾದ ರೂಪ ಪಡೆಯುತ್ತದೆ, ಇನ್ನೊಬ್ಬರ ಕೈಗೆ ಕೊಡುವಂತಾಗುತ್ತದೆ. ಆಲೋಚನೆಯನ್ನು ಬರಹಕ್ಕಿಳಿಸಿದರೆ ಅದು ತಲೆಯಿಂದ ಹೊರಟುಹೋಗುವುದಿಲ್ಲ. ಎಕ್ಸ್‌ಪೋರ್ಟ್ ಎಂಬ ಕೆಲಸದ ಸ್ವಭಾವವೂ ನಿಖರವಾಗಿ ಇದೇ. ಹಾಗಾಗಿ ‘ಕಡತಕ್ಕಿಳಿಸಿ’ ಎಂದರೆ ಹೇಗೆ? ‘ವೇವ್‌ಗೆ ಇಳಿಸಿ’, ‘ಎಂಪಿ3ಗೆ ಇಳಿಸಿ’ ಎಂದೂ ನೇರವಾಗಿ ಹೇಳಬಹುದು.

(ಕಡತ ಎಂದರೆ ಹಿಂದೆ ಹುಣಸೆಬೀಜದ ಸರಿ, ಇದ್ದಿಲು ಬಳಿದ ಬಟ್ಟೆಯ ಮಡಿಕೆ ಪುಸ್ತಕ. ಬಳಪದಲ್ಲಿ ಬರೆದು, ಬೇಡವಾದಾಗ ಒರೆಸಿ ಮತ್ತೆ ಬರೆಯುತ್ತಿದ್ದರು. ಕ್ಯಾಸೆಟ್ಟೂ ಅಳಿಸಿ ಮತ್ತೆ ತುಂಬುವಂಥದ್ದೇ. ಈ ಹೋಲಿಕೆ ನನಗೆ ಬಹಳ ಹಿಡಿಸಿತು.)

ಇದಕ್ಕೆ ಎರಡು ಆಕ್ಷೇಪ ನನಗೇ ಹೊಳೆಯುತ್ತಿವೆ. ಡೌನ್‌ಲೋಡಿಗೆ ‘ಇಳಿಸಿಕೊಳ್ಳಿ’ ಎನ್ನುತ್ತೇವೆ. ಅಲ್ಲಿ ‘ಕೊಳ್ಳು’ ಇದೆ, ನಮ್ಮೆಡೆಗೆ ಬರುತ್ತದೆ, ಬೇರೆ ಎಂದು ವಾದಿಸಬಹುದು. ಅವಸರದಲ್ಲಿ ಓದುವವರು ಆ ಸೂಕ್ಷ್ಮವನ್ನು ಗಮನಿಸುತ್ತಾರೆಯೇ? ಎರಡನೆಯದು ಇನ್ನೂ ಗಟ್ಟಿ: ‘ದನಿ ಇಳಿಸಿ’ ಎಂದರೆ ಸದ್ದು ಕಡಿಮೆ ಮಾಡಿ ಎಂದೇ ಅರ್ಥ. ಆದ್ದರಿಂದ ಚತುರ್ಥಿ ಬಿಟ್ಟು ಈ ಪದವನ್ನು ಬಳಸುವ ಹಾಗೇ ಇಲ್ಲ. ನಾಮಪದ ಮಾಡುವುದಂತೂ ಕಷ್ಟ. ‘ಇಳಿಕೆಯ ತೊಂದರೆಗಳು’ ಎಂದು ಅಧ್ಯಾಯಕ್ಕೆ ಹೆಸರಿಟ್ಟರೆ ಬೆಲೆ ಇಳಿದ ಸುದ್ದಿಯಂತೆ ಕೇಳಿಸುತ್ತದೆ.

ಆ ಅಧ್ಯಾಯದಲ್ಲೇ ನನ್ನ ಉಳಿದ ಪ್ರಶ್ನೆಗಳಿವೆ. ಜನ ತೊಂದರೆಯನ್ನು ಹೇಳುವ ಮಾತಿಗೂ ಅದರ ಕಾರಣಕ್ಕೂ ನಂಟು ಹಾಕುವುದೇ ಕೈಪಿಡಿಯ ಕೆಲಸ, ಅಲ್ಲವೇ? ‘ದನಿ ಒಡೆದಿದೆ’ ಎನ್ನುತ್ತಾರೆ. ಹಾಡುವವರ ಕಂಠವೇ ಒಡೆದಿರಬಹುದು. ತುಂಬಿಸುವಾಗ ಮಟ್ಟ ಮಿತಿಮೀರಿ ಅಲೆಯ ತಲೆ ಚಪ್ಪಟೆಯಾಗಿರಬಹುದು. ಅದನ್ನು ಹಿಂದಕ್ಕೆ ತರಲಾಗದು, ಕ್ಯಾಸೆಟ್ಟನ್ನು ಮತ್ತೆ ಓಡಿಸಬೇಕು. ಇಲ್ಲವೇ ತಂತ್ರಾಂಶದೊಳಗೆ ದನಿಯನ್ನು ಏರಿಸಿದಾಗ ಅಲೆ ಸೊನ್ನೆ ಡೆಸಿಬೆಲ್ಲನ್ನು, ಅಂದರೆ ಫೈಲು ಹಿಡಿಯಬಲ್ಲ ಗರಿಷ್ಠ ಮಟ್ಟವನ್ನು, ದಾಟಿರಬಹುದು. ಒಳಗೆ, ಆ ಮಿತಿ ದಾಟಿದ್ದಕ್ಕೂ ಜಾಗವಿರುವ 32 ಬಿಟ್ ಫ್ಲೋಟ್ ಎಂಬ ಲೆಕ್ಕದಲ್ಲಿ, ಅದು ಹಾಗೇ ಸುರಕ್ಷಿತವಾಗಿರುತ್ತದೆ, 16 ಬಿಟ್ಟಿನ ಫೈಲಿಗೆ ಇಳಿಯುವಾಗ ಮಾತ್ರ ತುದಿ ಕಳೆದುಕೊಳ್ಳುತ್ತದೆ. ಆಗ ಮಟ್ಟ ತಗ್ಗಿಸಿ ಇನ್ನೊಮ್ಮೆ ಇಳಿಸಿದರೆ ಮುಗಿಯಿತು. ಮೂರೂ ಕಿವಿಗೆ ‘ಒಡೆದ ದನಿ’ಯೇ, ಚಿಕಿತ್ಸೆ ಮಾತ್ರ ಬೇರೆ ಬೇರೆ. ಕೊನೆಯ ಎರಡಕ್ಕೆ ‘ತುದಿ ಸವರಿಹೋಗಿದೆ’ ಎಂದು ಬರೆದಿದ್ದೇನೆ. ಕೊಂಬೆ ಸವರುವುದು ಎನ್ನುತ್ತೇವಲ್ಲ, ಆ ಅರ್ಥದಲ್ಲಿ. ಬೆನ್ನು ಸವರುವುದು, ಎಣ್ಣೆ ಸವರುವುದು ಮೊದಲು ನೆನಪಾಗುತ್ತದೆಯೇ ಎಂಬ ಅಳುಕಿದೆ.

‘ಎಳೆಯುತ್ತಿದೆ’ ಎನ್ನುವುದು ಇನ್ನೊಂದು ದೂರು. ಸೆಕೆಂಡಿಗೆ 48,000 ಸಲ ಅಳೆದ ದನಿಯನ್ನು 44,100 ಎಂದು ತಿಳಿದು ನುಡಿಸಿದರೆ 45 ನಿಮಿಷದ ಒಂದು ಮಗ್ಗುಲು ಸುಮಾರು 49 ನಿಮಿಷವಾಗುತ್ತದೆ, ಶ್ರುತಿಯೂ ಇಳಿಯುತ್ತದೆ. ಪ್ಲೇಯರಿನ ಬೆಲ್ಟು ಸಡಿಲವಾಗಿದ್ದರೂ ಹಾಗೇ ಕೇಳುತ್ತದೆ. ತಂತ್ರಾಂಶದೊಳಗೆ ಕೇಳುವಾಗಲೇ ಎಳೆಯುತ್ತಿದ್ದರೆ ಮೊದಲು ಬೆಲ್ಟನ್ನು ನೋಡಬೇಕು. ಫೈಲಿನಲ್ಲಿ ಮಾತ್ರ ಎಳೆದರೆ ಸ್ಯಾಂಪಲ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಳೆದಿದೆ ಎಂಬ ಆ ಲೆಕ್ಕವನ್ನು. ಇದಕ್ಕೆ ‘ಮಾದರಿ ದರ’ ಎಂಬ ಅನುವಾದ ಕಂಡಿದ್ದೇನೆ. ಓದಿದವರು ಯಾವುದೋ ಮಾಲಿನ ಬೆಲೆ ಎಂದುಕೊಳ್ಳುತ್ತಾರೆ. ನಾನು ಸ್ಯಾಂಪಲ್ ರೇಟ್ ಎಂದೇ ಬಿಟ್ಟಿದ್ದೇನೆ, ‘ಶ್ರುತಿ ಇಳಿದು ಕಾಲ ಎಳೆದಿದೆ’ ಎಂದು ಲಕ್ಷಣವನ್ನು ಮಾತ್ರ ನಮ್ಮ ಸಂಗೀತದ ಮಾತಿನಲ್ಲಿ ಹೇಳಿದ್ದೇನೆ.

‘ದನಿಗೆ ಮುಸುಕು ಹಾಕಿದ ಹಾಗಿದೆ’ ಎನ್ನುವುದು ಬಹುಮಟ್ಟಿಗೆ ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡಿನ ದೋಷ. ಹೆಡ್ಡಿನ ಸೀಳು ಟೇಪು ಓಡುವ ದಿಕ್ಕಿಗೆ ನೇರ ಅಡ್ಡಲಾಗಿರಬೇಕು, ಕೂದಲೆಳೆಯಷ್ಟು ವಾಲಿದರೂ ಎತ್ತರದ ಸ್ವರಗಳು ಮಂಕಾಗುತ್ತವೆ. ಇದಕ್ಕೆ ಇಂಗ್ಲಿಷಿನಲ್ಲಿರುವ ‘ಅಜಿಮತ್’ ಎಂಬ ಪದವನ್ನು ನಿಘಂಟಿನಲ್ಲಿ ನೋಡಿದರೆ ‘ದಿಗಂಶ’ ಸಿಗುತ್ತದೆ, ಅದು ನಕ್ಷತ್ರ ನೋಡುವವರದು. ‘ಹೆಡ್ಡಿನ ಓರೆ’ ಎಂದರೆ ಸಾಕಲ್ಲವೇ? ಇದು ಇಳಿಸುವ ಹಂತದ ತಪ್ಪಲ್ಲ ಎಂದೂ ಒತ್ತಿ ಹೇಳಬೇಕು, ಎಂಪಿ3 ಬಿಟ್ಟು ವೇವ್‌ಗೆ ಹೋದ ಮಾತ್ರಕ್ಕೆ ಸರಿಹೋಗುವುದಿಲ್ಲ.

ನನ್ನನ್ನು ಎಲ್ಲಕ್ಕಿಂತ ಕಾಡಿದ್ದು ‘ಶಬ್ದ’. ಟೇಪಿನ ಸುಯ್ಯೆನ್ನುವ ಮೊರೆತವನ್ನು ತೆಗೆಯುವ ಸೌಲಭ್ಯಕ್ಕೆ ‘ಶಬ್ದ ತಗ್ಗಿಸಿ’ ಎಂದು ಬರೆದರೆ ಯಾರೇ ಆಗಲಿ ವಾಲ್ಯೂಮ್ ಎಂದುಕೊಳ್ಳುತ್ತಾರೆ. ನಮ್ಮಲ್ಲಿ ಶಬ್ದ ಎಂದರೆ ಮಾತೂ ಹೌದು, ಸದ್ದೂ ಹೌದು, ಗಲಾಟೆಯೂ ಹೌದು. ಬೇಕಾದ ದನಿ, ಬೇಡದ ಸದ್ದು ಎಂದು ಸೀಳಿ ತೋರಿಸುವ ಒಂದೇ ಪದ ನನಗೆ ಸಿಗಲಿಲ್ಲ. ಆದರೆ ಅನುಕರಣಾವ್ಯಯಗಳಲ್ಲಿ ನಾವು ಶ್ರೀಮಂತರು. ಕರೆಂಟಿನಿಂದ ಬರುವ 50 ಹರ್ಟ್ಸಿನದು ಗುಂಯ್‌ಗುಡುತ್ತದೆ, ಟೇಪಿನದು ಸುಯ್ಯೆನ್ನುತ್ತದೆ, ಸಡಿಲ ತಂತಿಯದು ಚಟಪಟ ಎನ್ನುತ್ತದೆ. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ‘ಶಬ್ದ ತಗ್ಗಿಸಿ’ ಎಂಬುದರ ಬದಲು ‘ಸುಯ್‌ಸದ್ದು ತೆಗೆಯಿರಿ’, ‘ಗುಂಯ್‌ಸದ್ದು ತೆಗೆಯಿರಿ’ ಎಂದೇ ಬರೆದರೆ ಅದು ಮಕ್ಕಳ ಮಾತಿನಂತೆ ಕಾಣುತ್ತದೆಯೇ? ನನಗಂತೂ ಇದಕ್ಕಿಂತ ಖಚಿತವಾದ ತಾಂತ್ರಿಕ ಪದ ಬೇರೆ ಕಾಣುತ್ತಿಲ್ಲ.

ಇನ್ನು, ಫೈಲು ಇಳಿದ ಮೇಲೆ ಹೆಸರಿದ್ದಲ್ಲಿ ಸಾಲಾಗಿ ಪ್ರಶ್ನೆಚಿಹ್ನೆ ಕಾಣುವ ತೊಂದರೆ. ಎಂಪಿ3ಯ ಹಳೆಯ ಹೆಸರುಪಟ್ಟಿಯಲ್ಲಿ, ಅಂದರೆ ಐಡಿ3ಯ ಮೊದಲ ಆವೃತ್ತಿಯಲ್ಲಿ, ಶೀರ್ಷಿಕೆಗೆ ಇರುವುದು 30 ಬೈಟ್ ಜಾಗ, ಯೂನಿಕೋಡಿಗೆ ಅವಕಾಶವಿಲ್ಲ. ಎರಡನೆಯ ಆವೃತ್ತಿಯಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಇದಕ್ಕೆ ಪದದ ಸಮಸ್ಯೆಯೇನೂ ಇಲ್ಲ, ‘ಹೆಸರುಪಟ್ಟಿ’ ನಡೆಯುತ್ತದೆಂದು ತೋರುತ್ತದೆ.

ಹಾಗಾದರೆ ತಿಳಿದವರು ದಯವಿಟ್ಟು ಹೇಳಿ: ‘ಕಡತಕ್ಕಿಳಿಸಿ’ ಎಂಬ ಗುಂಡಿಯನ್ನು ಕಂಡರೆ, ಯಾರೂ ವಿವರಿಸದೆ, ಏನಾಗುತ್ತದೆಂದು ನಿಮಗೆ ಹೊಳೆಯುತ್ತದೆಯೇ? ಮನೆಯ ಹಿರಿಯರಿಗೆ ಓದಿ ಹೇಳಿ ಅವರು ಏನೆಂದುಕೊಂಡರು ಎಂಬುದನ್ನು ಬರೆದರೆ ಇನ್ನೂ ಒಳ್ಳೆಯದು. ಅದರ ನಾಮಪದಕ್ಕೆ ಏನಾದರೂ ತೋಚಿದರೆ ತಿಳಿಸಿ. ಸವರು, ಓರೆ, ಸುಯ್‌ಸದ್ದು ಇವುಗಳಿಗೆ ರಿಪೇರಿ ಮಾಡುವವರ, ಹಾಡು ತುಂಬಿಸಿಕೊಡುತ್ತಿದ್ದವರ ಬಾಯಲ್ಲಿ ಬೇರೆ ಮಾತು ಕೇಳಿದ್ದರೆ ಅದೇ ನನಗೆ ಮೊದಲು ಬೇಕು. ಸೋದರತ್ತೆಯ ಬಳಿ ಇನ್ನೂ ನಾಲ್ಕು ಕ್ಯಾಸೆಟ್ಟಿವೆ, ಕೈಪಿಡಿಯ ಆ ಪುಟ ಸರಿಯಾಗುವವರೆಗೆ ಅವನ್ನು ಮುಟ್ಟಬೇಡಿ ಎಂದು ಹೇಳಿದ್ದೇನೆ.